ಹೆಸರಿಡುವವರು ಯಾರು? ಅಮೆರಿಕದ ಕಪ್ಪು ಹೆಣ್ಣುಮಕ್ಕಳು ಮತ್ತು ಯಾರೂ ಗುರುತಿಸದ ಎಡಿಎಚ್‌ಡಿ

ರೋಗಕ್ಕೂ ಒಂದು ಚರಿತ್ರೆ ಇರುತ್ತದೆ. ಯಾರ ಸಂಕಟವನ್ನು ರೋಗ ಎನ್ನಬೇಕು, ಯಾರದನ್ನು ಸೊಕ್ಕು ಎನ್ನಬೇಕು; ತರಗತಿಯಲ್ಲಿ ಚಡಪಡಿಸುವ ಯಾರ ಮಗುವನ್ನು ಡಾಕ್ಟರ ಹತ್ತಿರ ಕಳಿಸಬೇಕು, ಯಾರ ಮಗುವನ್ನು ಶಾಲೆಯಿಂದ ಆಚೆಗೆ ದಬ್ಬಬೇಕು ಎಂಬುದನ್ನೆಲ್ಲ ತೀರ್ಮಾನಿಸುತ್ತ ಬಂದವರು ಅಧಿಕಾರ ಇದ್ದವರು. ವಿಜ್ಞಾನ ಬಣ್ಣ ನೋಡುವುದಿಲ್ಲ, ಗಂಡು ಹೆಣ್ಣು ನೋಡುವುದಿಲ್ಲ ಅಂತ ನಮಗೆ ಪಾಠ ಹೇಳಿದ್ದಾರೆ. ವಿಜ್ಞಾನ ನೋಡದೆ ಇರಬಹುದು. ಅದನ್ನು ಕೈಯಲ್ಲಿ ಹಿಡಿದವರು ನೋಡಿಯೇ ನೋಡುತ್ತಾರೆ. ಎಡಿಎಚ್‌ಡಿ ಎಂಬ ಸ್ಥಿತಿಯ ಚರಿತ್ರೆಯಲ್ಲಿ ಅಮೆರಿಕದ ಕಪ್ಪು ಹೆಣ್ಣುಮಕ್ಕಳಿಗೆ ಸಿಕ್ಕ ಜಾಗವೇ ಇದಕ್ಕೆ ಸಾಕ್ಷಿ.

ಮೊದಲು ಇದೇನು ಅಂತ ತಿಳಿಯೋಣ. ಇದು ದಡ್ಡತನವಲ್ಲ, ಸೋಮಾರಿತನವಲ್ಲ. ತಾಯಿ ಸರಿಯಾಗಿ ಬೆಳೆಸದೆ ಬಂದದ್ದೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸ. ಬಹುಮಟ್ಟಿಗೆ ವಂಶದಲ್ಲಿ ಹರಿದು ಬರುತ್ತದೆ. ಗಮನ ಒಂದು ಕಡೆ ನಿಲ್ಲುವುದಿಲ್ಲ. ಹಿಡಿದ ಕೆಲಸ ಮುಗಿಯುವುದಿಲ್ಲ. ಇಟ್ಟ ವಸ್ತು ಎಲ್ಲಿಟ್ಟೆ ಎಂಬುದು ನೆನಪಿರುವುದಿಲ್ಲ. ತಡೆಯಬೇಕು ಅನ್ನುವಷ್ಟರಲ್ಲಿ ಮಾತು ಬಾಯಿಂದ ಹೊರಗೆ ಬಿದ್ದಿರುತ್ತದೆ. ಕೆಲವರಲ್ಲಿ ಕೈಕಾಲು ಕುಣಿಯುತ್ತವೆ. ಇನ್ನು ಕೆಲವರು ಕಲ್ಲಿನ ಹಾಗೆ ಕೂತಿರುತ್ತಾರೆ, ತಲೆಯೊಳಗೆ ಮಾತ್ರ ಸಂತೆ ನೆರೆದಿರುತ್ತದೆ. ಹೆಣ್ಣುಮಕ್ಕಳಲ್ಲಿ ಈ ಎರಡನೆಯ ರೀತಿ ಹೆಚ್ಚಾಗಿ ಕಾಣುತ್ತದೆ. ಸಂತೆ ತಲೆಯೊಳಗೆ ನಡೆದರೆ ಹೊರಗಿದ್ದವರಿಗೆ ಕೇಳುವುದು ಹೇಗೆ?

೧

ಗುಲಾಮಗಿರಿಯ ಕಾಲದಿಂದಲೇ ಶುರು ಮಾಡಬೇಕು. ೧೮೪೦ರ ಅಮೆರಿಕದ ಜನಗಣತಿ ಒಂದು ವಿಚಿತ್ರ ಲೆಕ್ಕ ಕೊಟ್ಟಿತು. ದಕ್ಷಿಣದ ಗುಲಾಮರಿಗಿಂತ ಉತ್ತರದ ಸ್ವತಂತ್ರ ಕಪ್ಪು ಜನರಲ್ಲಿ ಹುಚ್ಚು ಹೆಚ್ಚು ಅಂತ! ಗುಲಾಮಗಿರಿಯ ವಕೀಲರಿಗೆ ಇನ್ನೇನು ಬೇಕು? ಬಿಡುಗಡೆ ಕೊಟ್ಟರೆ ಇವರಿಗೆ ತಲೆ ಕೆಡುತ್ತದೆ, ಸರಪಳಿಯೇ ಇವರಿಗೆ ಔಷಧಿ ಎಂದು ವಾದ ಹೂಡಿದರು. ಆದರೆ ಲೆಕ್ಕವೇ ಸುಳ್ಳು. ಮೇನ್ ರಾಜ್ಯದ ಕೆಲವು ಊರುಗಳಲ್ಲಿ ಒಬ್ಬ ಕಪ್ಪು ಮನುಷ್ಯನೂ ವಾಸವಿರಲಿಲ್ಲ; ಗಣತಿಯ ಪುಸ್ತಕದಲ್ಲಿ ಮಾತ್ರ ಅಲ್ಲಿ ಕಪ್ಪು ಹುಚ್ಚರಿದ್ದರು. ಈ ಸುಳ್ಳನ್ನು ಅಂಕಿಅಂಶ ಇಟ್ಟು ಬಯಲಿಗೆಳೆದವರಲ್ಲಿ ಡಾ. ಜೇಮ್ಸ್ ಮೆಕ್ಯೂನ್ ಸ್ಮಿತ್ ಒಬ್ಬರು. ಗುಲಾಮರಾಗಿ ಹುಟ್ಟಿದವರು. ಅಮೆರಿಕದ ಕಾಲೇಜುಗಳು ಬಾಗಿಲು ಹಾಕಿದಾಗ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ ೧೮೩೭ರಲ್ಲಿ ವೈದ್ಯ ಪದವಿ ಪಡೆದು ಬಂದವರು.

ಸುಳ್ಳು ಬಯಲಾದರೂ ಸುಳ್ಳಿನ ಅಂಗಡಿ ಮುಚ್ಚಲಿಲ್ಲ. ೧೮೫೧ರಲ್ಲಿ ಲೂಸಿಯಾನದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಕಪ್ಪು ಜನರಿಗಾಗಿಯೇ ಎರಡು ರೋಗಗಳನ್ನು ಹುಟ್ಟಿಸಿದ. ಒಡೆಯನನ್ನು ಬಿಟ್ಟು ಓಡಿಹೋಗುವುದು ಒಂದು ರೋಗ. ಅದರ ಹೆಸರು ಡ್ರೇಪ್ಟೊಮೇನಿಯ. ಕೆಲಸದಲ್ಲಿ ಮನಸ್ಸಿಡದೆ, ಅರೆನಿದ್ದೆಯಲ್ಲಿದ್ದ ಹಾಗೆ ಓಡಾಡುತ್ತ, ಮುಟ್ಟಿದ ಸಾಮಾನು ಹಾಳುಮಾಡುವುದು ಇನ್ನೊಂದು. ಅದಕ್ಕೂ ಒಂದು ಉದ್ದನೆಯ ಹೆಸರಿಟ್ಟ. ಹೊಲದ ಮೇಸ್ತ್ರಿಗಳು ಅದನ್ನೇ ಪೋಕರಿತನ ಅನ್ನುತ್ತಾರೆ, ಅವರಿಗೆ ಗೊತ್ತಿಲ್ಲ, ಅದು ರೋಗ ಎಂದ. ಚಿಕಿತ್ಸೆ ಏನು? ಮೈಗೆ ಎಣ್ಣೆ ಹಚ್ಚಿ, ಅಗಲವಾದ ಚರ್ಮದ ಪಟ್ಟಿಯಿಂದ ಹೊಡೆದು ಆ ಎಣ್ಣೆಯನ್ನು ಇಳಿಸಬೇಕು. ಆಮೇಲೆ ಬಿಸಿಲಿನಲ್ಲಿ ಕಠಿಣ ದುಡಿಮೆಗೆ ಹಚ್ಚಬೇಕು!

ಆ ಗುಲಾಮರಿಗೆ ಎಡಿಎಚ್‌ಡಿ ಇತ್ತು ಅಂತ ನಾವು ಹೇಳುತ್ತಿಲ್ಲ. ಅವರಿಗಿದ್ದದ್ದು ಗುಲಾಮಗಿರಿ. ನಾವು ಹೇಳುವುದು ಇಷ್ಟು: ಕಪ್ಪು ಮನುಷ್ಯನ ಗಮನ ಕೆಲಸದಿಂದ ಆಚೆ ಹೋದರೆ ಅದಕ್ಕೆ ಉತ್ತರ ಚಾಟಿ ಎಂಬುದು ವೈದ್ಯಪತ್ರಿಕೆಯಲ್ಲೇ ಅಚ್ಚಾಗಿತ್ತು. ಆ ಅಚ್ಚು ಬೇಗ ಅಳಿಯಲಿಲ್ಲ.

೨

ಅತ್ತ ಬಿಳಿಯರ ಮಕ್ಕಳಿಗೆ ಬೇರೆಯದೇ ಚರಿತ್ರೆ ತಯಾರಾಗುತ್ತಿತ್ತು. ೧೯೦೨ರಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಲಂಡನ್ನಿನಲ್ಲಿ ಉಪನ್ಯಾಸಗಳನ್ನು ಕೊಟ್ಟು, ಬುದ್ಧಿ ಚುರುಕಾಗಿದ್ದರೂ ತಮ್ಮನ್ನು ತಾವು ಹತೋಟಿಯಲ್ಲಿಟ್ಟುಕೊಳ್ಳಲಾಗದ ಮಕ್ಕಳನ್ನು ವಿವರಿಸಿದ. ಅವನು ಕಂಡ ಮಕ್ಕಳಲ್ಲಿ ಗಂಡುಹುಡುಗರೇ ಹೆಚ್ಚು. ೧೯೩೭ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬ್ರಾಡ್ಲಿ ಬೆನ್ಸೆಡ್ರಿನ್ ಎಂಬ ಮಾತ್ರೆ ಕೊಟ್ಟು ನೋಡಿದ. ಹಲವು ಮಕ್ಕಳು ಓದಿನಲ್ಲಿ ತಟ್ಟನೆ ಸುಧಾರಿಸಿದರು. ೩೦ ಮಕ್ಕಳಲ್ಲಿ ೨೧ ಗಂಡು. ೧೯೪೪ರಲ್ಲಿ ಸ್ವಿಟ್ಸರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞನೊಬ್ಬ ಕಂಡುಹಿಡಿದ ಔಷಧಿ ರಿಟಾಲಿನ್ ಎಂಬ ಹೆಸರು ಪಡೆದದ್ದು ಅವನ ಹೆಂಡತಿ ರೀಟಾಳಿಂದ. ವಿಪರ್ಯಾಸ ನೋಡಿ: ಔಷಧಿಗೆ ಹೆಣ್ಣಿನ ಹೆಸರು, ಚೀಟಿ ಮಾತ್ರ ಗಂಡುಹುಡುಗನಿಗೆ!

೧೯೬೮ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಈ ಸ್ಥಿತಿಗೆ 'ಬಾಲ್ಯದ ಅತಿಚಟುವಟಿಕೆಯ ಪ್ರತಿಕ್ರಿಯೆ' ಎಂಬರ್ಥದ ಹೆಸರು ಕೊಟ್ಟಿತು. ಕುಣಿಯುವುದೇ ಲಕ್ಷಣ ಎಂದಾದ ಮೇಲೆ ಕುಣಿಯದವಳು ಲೆಕ್ಕಕ್ಕೆ ಬರುವುದಾದರೂ ಹೇಗೆ? ಕುಣಿಯದೆಯೂ ಗಮನ ತಪ್ಪಬಹುದು ಎಂದು ಅದೇ ಕೈಪಿಡಿ ಒಪ್ಪಿದ್ದು ೧೯೮೦ರಲ್ಲಿ. ಅಲ್ಲೂ ಒಂದು ಗೆರೆ ಇತ್ತು: ಲಕ್ಷಣ ೭ ವರ್ಷದೊಳಗೆ ಕಂಡಿರಬೇಕು. ಆ ಗೆರೆ ೧೨ಕ್ಕೆ ಸರಿದದ್ದು ೨೦೧೩ರಲ್ಲಿ. ಚಿಕ್ಕವಳಿದ್ದಾಗ ಬಾಯಿ ಮುಚ್ಚಿಕೊಂಡು ಹೇಗೋ ಸರಿದೂಗಿಸಿ, ಓದು ಭಾರವಾದ ಮೇಲೆ ಕುಸಿದ ಹುಡುಗಿಗೆ ಈ ಐದು ವರ್ಷದ ವ್ಯತ್ಯಾಸ ಸಣ್ಣದಲ್ಲ.

೩

ಹಾಗಾದರೆ ಕಪ್ಪು ತಾಯಂದಿರೇ ಮಕ್ಕಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಕೇಳುವವರಿಗೆ ಚರಿತ್ರೆ ಗೊತ್ತಿಲ್ಲ.

೧೮೪೦ರ ದಶಕದಲ್ಲಿ ಅಲಬಾಮದಲ್ಲಿ ಮೇರಿಯನ್ ಸಿಮ್ಸ್ ಎಂಬ ವೈದ್ಯ ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಗುಲಾಮ ಹೆಂಗಸರ ಮೇಲೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ಮಾಡಿ ಸ್ತ್ರೀರೋಗ ವಿಜ್ಞಾನದ ಪಿತಾಮಹ ಎನಿಸಿಕೊಂಡ. ಅರಿವಳಿಕೆ ಕೊಡಲಿಲ್ಲ. ೧೯೩೨ರಿಂದ ೧೯೭೨ರವರೆಗೆ ಅದೇ ರಾಜ್ಯದ ಟಸ್ಕಿಗೀಯಲ್ಲಿ ಸರ್ಕಾರಿ ವೈದ್ಯರು ಸಿಫಿಲಿಸ್ ಇದ್ದ ೩೯೯ ಕಪ್ಪು ಗಂಡಸರಿಗೆ ಸತ್ಯ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡದೆ, ರೋಗ ಹೇಗೆ ತಿನ್ನುತ್ತದೆ ಅಂತ ನೋಡುತ್ತ ಕೂತರು.

ಶಾಲೆಯ ಕತೆಯೂ ಬೇರೆಯಲ್ಲ. ಬಿಳಿಯರಿಗೊಂದು, ಕಪ್ಪು ಜನರಿಗೊಂದು ಎಂಬ ಶಾಲಾ ಪದ್ಧತಿ ಕಾನೂನಿಗೆ ವಿರುದ್ಧ ಎಂದು ೧೯೫೪ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮುಂಬಾಗಿಲು ತೆರೆಯಿತು; ಒಳಗೆ ಇನ್ನೊಂದು ಬೇಲಿ ಎದ್ದಿತು. ಕ್ಯಾಲಿಫೋರ್ನಿಯದಲ್ಲಿ ೧೯೬೮-೬೯ರ ಹೊತ್ತಿಗೆ ಶಾಲಾ ಮಕ್ಕಳಲ್ಲಿ ಕಪ್ಪು ಮಕ್ಕಳು ಸುಮಾರು ಶೇಕಡ ೯. 'ಬುದ್ಧಿಮಾಂದ್ಯರ' ತರಗತಿಗಳಲ್ಲಿ ಅವರು ಸುಮಾರು ಶೇಕಡ ೨೭. ತಂದೆತಾಯಿಗಳು ಕೋರ್ಟಿಗೆ ಹೋದರು. ಲ್ಯಾರಿ ಪಿ. ಎಂಬ ಹೆಸರಿನ ಆ ಪ್ರಕರಣದಲ್ಲಿ, ಕಪ್ಪು ಮಕ್ಕಳನ್ನು ಬುದ್ಧಿ ಅಳೆಯುವ ಪರೀಕ್ಷೆಯ ಮೇಲೆ ಹೀಗೆ ತಳ್ಳಕೂಡದು ಎಂದು ೧೯೭೯ರಲ್ಲಿ ತೀರ್ಪು ಬಂತು. ಈ ನಡುವೆ ೧೯೭೦ರಲ್ಲಿ ಒಮಾಹಾ ನಗರದ ಶಾಲಾಮಕ್ಕಳಿಗೆ ಮಾತ್ರೆ ನುಂಗಿಸುತ್ತಿದ್ದಾರೆ ಎಂಬ ಸುದ್ದಿ ದೊಡ್ಡದಾಗಿ, ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆಯೇ ನಡೆಯಿತು. ನಮ್ಮ ಮಕ್ಕಳನ್ನು ಸುಮ್ಮನಾಗಿಸಲು ಮಾತ್ರೆ ತಂದಿದ್ದಾರೆ ಎಂದು ಕಪ್ಪು ತಾಯಿ ಅನುಮಾನಪಟ್ಟರೆ ಅದು ಮೌಢ್ಯವೆ? ಅಲ್ಲ. ಅದು ಅನುಭವ.

ಆದರೆ ತೊಡಕು ಇರುವುದೇ ಇಲ್ಲಿ. ಹೆಸರು ಹಚ್ಚಿ ತುಳಿದದ್ದು ಒಂದು ಅನ್ಯಾಯ. ಅದರ ಭಯದಲ್ಲಿ, ನಿಜವಾಗಿ ಬೇಕಾದ ಹೆಸರೂ ಸಿಗದೆ ಹೋದದ್ದು ಇನ್ನೊಂದು ಅನ್ಯಾಯ. ಎರಡನ್ನೂ ಹೊತ್ತವಳು ಕಪ್ಪು ಹುಡುಗಿ.

೪

ಅವಳಿಗೆ ಎರಡು ಕಡೆಯಿಂದ ಕತ್ತಲೆ. ಎಡಿಎಚ್‌ಡಿ ಅಂದರೆ ಎಲ್ಲರ ಕಣ್ಣೆದುರು ಬರುವುದು ಕುರ್ಚಿ ಬೀಳಿಸುವ ಬಿಳಿ ಹುಡುಗ. ಆ ಚಿತ್ರದಲ್ಲಿ ಅವಳಿಲ್ಲ. ಕಪ್ಪು ಹೆಣ್ಣು ಅಂದರೆ ಬರುವುದು ಎದುರು ಮಾತಾಡುವ ಬಜಾರಿ, ಇಲ್ಲವೆ ಎಷ್ಟು ಹೇರಿದರೂ ಹೊರುವ ಗಟ್ಟಿಗಿತ್ತಿ; ಆ ಚಿತ್ರದಲ್ಲಿ ಮಿದುಳಿನ ಕಷ್ಟಕ್ಕೆ ಜಾಗವಿಲ್ಲ. ಜನಾಂಗ ಮತ್ತು ಲಿಂಗ ಎರಡೂ ಕೂಡುವ ಕಡೆ ಬೀಳುವ ಪೆಟ್ಟು ಬೇರೆಯೇ ಎಂಬುದನ್ನು ಬಾಸ್ಟನ್ನಿನ ಕಪ್ಪು ಹೆಂಗಸರ ಕೊಂಬಾಹಿ ರಿವರ್ ಬಳಗ ೧೯೭೭ರಲ್ಲೇ ಸಾರಿತ್ತು. ೧೯೮೯ರಲ್ಲಿ ಕಾನೂನು ಪಂಡಿತೆ ಕಿಂಬರ್ಲೆ ಕ್ರೆನ್‌ಶಾ ಅದಕ್ಕೊಂದು ಹೆಸರು ಕೊಟ್ಟರು. ಶಾಲೆಯಲ್ಲಿ ಆ ಪೆಟ್ಟು ಹೇಗೆ ಬೀಳುತ್ತದೆ ಎಂಬುದಕ್ಕೆ ಅಂಕಿಗಳಿವೆ.

೧೯೯೮ರಲ್ಲಿ ಶಾಲೆಗೆ ಕಾಲಿಟ್ಟ ಸುಮಾರು ೧೭,೦೦೦ ಅಮೆರಿಕನ್ ಮಕ್ಕಳನ್ನು ಎಂಟನೆಯ ತರಗತಿವರೆಗೆ ಹಿಂಬಾಲಿಸಿದ ಅಧ್ಯಯನವೊಂದು ೨೦೧೩ರಲ್ಲಿ ಪ್ರಕಟವಾಯಿತು. ಮನೆಯ ಸ್ಥಿತಿ, ಓದು, ನಡತೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಕಪ್ಪು ಮಗುವಿಗೆ ಎಡಿಎಚ್‌ಡಿ ಎಂದು ಗುರುತು ಸಿಗುವ ಸಾಧ್ಯತೆ ಬಿಳಿ ಮಗುವಿಗಿಂತ ಶೇಕಡ ೬೯ರಷ್ಟು ಕಡಿಮೆ. ಹುಡುಗರಿಗಿಂತ ಹುಡುಗಿಯರಿಗೆ ಕಡಿಮೆ. ಇನ್ನೊಂದು ಕಡೆ ಅಮೆರಿಕ ಸರ್ಕಾರದ್ದೇ ೨೦೧೧-೧೨ರ ಲೆಕ್ಕ ನೋಡಿ: ಶಾಲೆಯಿಂದ ಅಮಾನತ್ತಾದ ಬಿಳಿ ಹುಡುಗಿಯರು ಶೇಕಡ ೨, ಕಪ್ಪು ಹುಡುಗಿಯರು ಶೇಕಡ ೧೨. ಡಾಕ್ಟರ ಚೀಟಿಯ ಸಾಲಿನಲ್ಲಿ ಅವಳು ಕಡೆ, ಶಿಕ್ಷೆಯ ಸಾಲಿನಲ್ಲಿ ಮೊದಲು! ೨೦೧೭ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಶಾಲೆಯವರು ಇದರ ಮೂಲವನ್ನೇ ಮುಟ್ಟಿದರು. ಐದು ವರ್ಷದ ಕಪ್ಪು ಹುಡುಗಿಯನ್ನೂ ದೊಡ್ಡವರು ಅದೇ ವಯಸ್ಸಿನ ಬಿಳಿ ಹುಡುಗಿಗಿಂತ ಹೆಚ್ಚು ಬಲಿತವಳು, ಕಡಿಮೆ ಮುಗ್ಧೆ, ಕಡಿಮೆ ಆಸರೆ ಸಾಕಾದವಳು ಎಂದು ಕಾಣುತ್ತಾರೆ. ಮಗುವನ್ನು ಮಗು ಎಂದು ಕಾಣದವರಿಗೆ ಮಗುವಿನ ಕಷ್ಟ ಎಲ್ಲಿ ಕಂಡೀತು? ಬಿಳಿ ಹುಡುಗ ಮಧ್ಯೆ ಬಾಯಿ ಹಾಕಿದರೆ 'ತಡೆದುಕೊಳ್ಳಲಾರ, ಪಾಪ'; ಇವಳು ಹಾಕಿದರೆ 'ಬಾಯಿ ಜೋರು'. ಅವನು ಪುಸ್ತಕ ಮರೆತರೆ ಲಕ್ಷಣ, ಇವಳು ಮರೆತರೆ ಉಡಾಫೆ.

ಈಚಿನ ಸಮೀಕ್ಷೆಗಳಲ್ಲಿ ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ ಇದ್ದ ಈ ಅಂತರ ಬಹಳ ತಗ್ಗಿದೆ, ನಿಜ. ಆದರೆ ೧೯೯೮ರಲ್ಲಿ ಶಾಲೆ ಸೇರಿದ ಹುಡುಗಿಯರು ಈಗ ಮೂವತ್ತು ದಾಟಿದ ಹೆಂಗಸರು. ಕೆಲಸ, ಮನೆ, ಮಕ್ಕಳು, ಸಾಲ ಎಲ್ಲವನ್ನೂ ಹೊತ್ತು, 'ಎಲ್ಲರಿಗೂ ಆಗುವುದು ನನಗ್ಯಾಕೆ ಆಗಲ್ಲ' ಎಂದು ತಮ್ಮನ್ನೇ ಬೈದುಕೊಂಡವರು. ಡಾಕ್ಟರ ಹತ್ತಿರ ಹೋದರೆ ಸಿಗುವ ಹೆಸರು ಖಿನ್ನತೆ, ಇಲ್ಲವೆ ಆತಂಕ. ಅವೂ ಇರಬಹುದು, ಬೇರು ಮಾತ್ರ ಮಣ್ಣಿನೊಳಗೇ ಉಳಿಯಿತು. ಎಷ್ಟೋ ತಾಯಂದಿರಿಗೆ ತಮ್ಮದು ತಿಳಿದದ್ದು ಮಗುವಿನ ಪರೀಕ್ಷೆ ಮಾಡಿಸಲು ಹೋದ ದಿನ.

೫

ಬೇಗ ಗುರುತಿಸಿದರೆ ಏನು ಬಂತು ಎನ್ನುವವರಿಗೆ ಒಂದು ಉತ್ತರವಿದೆ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಸ್ಟೀಫನ್ ಹಿನ್‌ಶಾ ಮತ್ತು ಸಂಗಡಿಗರು ೧೯೯೭ರಿಂದ ಎಡಿಎಚ್‌ಡಿ ಇದ್ದ ೧೪೦ ಹುಡುಗಿಯರನ್ನೂ ಇಲ್ಲದ ೮೮ ಹುಡುಗಿಯರನ್ನೂ ವರ್ಷಗಟ್ಟಲೆ ನೋಡುತ್ತ ಬಂದರು. ಅವರಲ್ಲಿ ಕಾಲುಭಾಗಕ್ಕೂ ಹೆಚ್ಚು ಕಪ್ಪು ಹುಡುಗಿಯರು. ೨೦೧೨ರಲ್ಲಿ ಹೊರಬಂದ ಫಲಿತಾಂಶ ಎದೆ ನಡುಗಿಸುವಂಥದು. ಗಮನ ನಿಲ್ಲದಿರುವುದು, ಚಡಪಡಿಕೆ ಎರಡೂ ಇದ್ದವರಲ್ಲಿ ಹರೆಯ ಮುಗಿಯುವ ಹೊತ್ತಿಗೆ ಶೇಕಡ ೨೨ ಜನ ಆತ್ಮಹತ್ಯೆಗೆ ಯತ್ನಿಸಿದ್ದರು. ಇಲ್ಲದವರಲ್ಲಿ ಶೇಕಡ ೬. ಇದು ಅಂಕದ ಪಟ್ಟಿಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಇನ್ನೊಂದು ಬದಿಯನ್ನೂ ನೋಡೋಣ. ೨೦೧೬ರ ರಿಯೊ ಒಲಿಂಪಿಕ್ಸಿನಲ್ಲಿ ಜಿಮ್ನಾಸ್ಟಿಕ್ಸಿನ ನಾಲ್ಕು ಚಿನ್ನ ಗೆದ್ದ ಕಪ್ಪು ಹುಡುಗಿ ಸಿಮೋನ್ ಬೈಲ್ಸ್. ಮರುತಿಂಗಳೇ ಕಳ್ಳರು ಆಟಗಾರರ ವೈದ್ಯಕೀಯ ದಾಖಲೆ ಕದ್ದು ಬಯಲಿಗಿಟ್ಟು, ನೋಡಿ ಇವಳು ಮಾತ್ರೆ ನುಂಗುತ್ತಾಳೆ ಎಂದು ಕೂಗಿದರು. ಅವಳು ತಲೆ ತಗ್ಗಿಸಲಿಲ್ಲ. ನನಗೆ ಎಡಿಎಚ್‌ಡಿ ಇದೆ, ಚಿಕ್ಕಂದಿನಿಂದ ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂಬ ಅರ್ಥದಲ್ಲಿ ಎಲ್ಲರೆದುರು ಹೇಳಿದಳು. ಕಾರ್ಟ್‌ರೈಟನ ಚರ್ಮದ ಪಟ್ಟಿಯಿಂದ ಈ ಮಾತಿನವರೆಗೆ ೧೬೫ ವರ್ಷ. ಎಲ್ಲರೂ ಬೈಲ್ಸ್ ಆಗಬೇಕಿಲ್ಲ. ಚಿಕ್ಕಂದಿನಲ್ಲೇ ಗುರುತು ಸಿಕ್ಕವಳು ತನ್ನನ್ನು ತಾನು ಕೆಟ್ಟವಳು ಎಂದುಕೊಂಡು ಬೆಳೆಯಬೇಕಾಗಿಲ್ಲ. ಅಷ್ಟು ಸಾಕು.

೨೦೨೧ರ ಜನವರಿಯಲ್ಲಿ ಅಮೆರಿಕದ ಮನೋವೈದ್ಯರ ಸಂಘ, ತನ್ನ ವೃತ್ತಿ ಜನಾಂಗಭೇದಕ್ಕೆ ಬೆಂಬಲವಾಗಿ ನಿಂತದ್ದಕ್ಕೆ ಕ್ಷಮೆ ಕೇಳಿತು. ಒಳ್ಳೆಯದು. ಆದರೆ ಕ್ಷಮೆಯ ಕಾಗದ ಒಬ್ಬ ಹುಡುಗಿಯ ಪರೀಕ್ಷೆಯ ಫೀಜನ್ನೂ ಕಟ್ಟುವುದಿಲ್ಲ.

೬

ಗೆಳೆಯರೆ, ಕಪ್ಪು ಜನರ ಚರಿತ್ರೆ ನಮಗೆ ಪರಕೀಯವಲ್ಲ. ೧೯೪೬ರಲ್ಲಿ ಬಾಬಾಸಾಹೇಬರು ಡುಬಾಯ್ಸ್ ಅವರಿಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದ್ದರು. ೧೯೭೨ರಲ್ಲಿ ಬೊಂಬಾಯಿಯ ದಲಿತ ತರುಣರು ಪ್ಯಾಂಥರ್ ಎಂಬ ಹೆಸರನ್ನೇ ಅಲ್ಲಿಂದ ತಂದರು; ಅದರ ಬಿಸಿ ನಮ್ಮ ಕರ್ನಾಟಕಕ್ಕೂ ತಟ್ಟಿತು. ಆ ಬ್ಲ್ಯಾಕ್ ಪ್ಯಾಂಥರರು ಅಂದರೆ ನಮಗೆ ಬಂದೂಕು ನೆನಪಾಗುತ್ತದೆ. ಅವರು ಉಚಿತ ಆಸ್ಪತ್ರೆಗಳನ್ನೂ ನಡೆಸಿದರು. ಕಪ್ಪು ಜನರನ್ನೇ ಹೆಚ್ಚು ಕಾಡುವ, ಸರ್ಕಾರ ಕಡೆಗಣಿಸಿದ್ದ ಸಿಕಲ್ ಸೆಲ್ ರೋಗಕ್ಕೆ ೧೯೭೧ರಿಂದ ಕೇರಿ ಕೇರಿಯಲ್ಲಿ ರಕ್ತಪರೀಕ್ಷೆ ಮಾಡಿಸಿದರು. ವೈದ್ಯರನ್ನು ನಂಬಲಾಗದಿದ್ದರೆ ವೈದ್ಯವನ್ನೇ ಬಿಡಬೇಡಿ, ಅದನ್ನು ಜನರ ಕೈಗೆ ತನ್ನಿ ಎಂಬುದು ಅವರ ದಾರಿಯಾಗಿತ್ತು. ಇವತ್ತು ಅಮೆರಿಕದ ಕಪ್ಪು ಹೆಂಗಸರು ತಾವೇ ಕೂಡಿ, ಒಬ್ಬರಿಗೊಬ್ಬರು ತಮ್ಮ ಲಕ್ಷಣ ಹೇಳಿಕೊಂಡು, ಯಾವ ಡಾಕ್ಟರು ಮಾತು ಕೇಳಿಸಿಕೊಳ್ಳುತ್ತಾರೆ ಎಂಬುದನ್ನು ಹಂಚಿಕೊಳ್ಳುತ್ತಿರುವುದು ಆ ದಾರಿಯ ಮುಂದುವರಿಕೆಯೇ.

ಹಳ್ಳಿಯಲ್ಲಿ ಪಾಠ ಹೇಳುವ ನಮ್ಮ ಮೇಷ್ಟ್ರುಗಳು, ಟೀಚರಮ್ಮಗಳು ಇದನ್ನು ಓದಿ ನಾಳೆಯೇ ಯಾವ ಹುಡುಗಿಗೂ ಹೆಸರು ಹಚ್ಚುವುದು ಬೇಡ. ಅದು ನಮ್ಮ ಕೆಲಸವಲ್ಲ, ಕಲಿತ ವೈದ್ಯರ ಕೆಲಸ. ನಾವು ಮಾಡಬಹುದಾದದ್ದು ಮೊದಲೇ ಹಚ್ಚಿಬಿಟ್ಟ ಹೆಸರುಗಳನ್ನು ಕಿತ್ತು ಹಾಕುವುದು. ಬಾಯಿಬಡಕಿ, ಮಂಕು, ಉಡಾಳಿ, ಗಮನವಿಲ್ಲದವಳು ಎಂದು ಬರೆದ ಜಾಗದಲ್ಲಿ ಒಂದು ಪ್ರಶ್ನೆ ಬರೆಯುವುದು: ಯಾಕೆ? ಅಮೆರಿಕದಲ್ಲಿ ಆ ಒಂದು ಪ್ರಶ್ನೆಯನ್ನು ಬಿಳಿ ಹುಡುಗನಿಗಾಗಿ ನೂರು ವರ್ಷದ ಹಿಂದೆಯೇ ಕೇಳಿದರು. ಕಪ್ಪು ಹುಡುಗಿಗಾಗಿ ಕೇಳುವವರೇ ಇರಲಿಲ್ಲ. ಕಡೆಗೆ ಅವಳೇ ಬೆಳೆದು ದೊಡ್ಡವಳಾಗಿ ತನಗಾಗಿ ಕೇಳಬೇಕಾಯಿತು. ಕೇಳುತ್ತಿದ್ದಾಳೆ.