ಮಾವನೋರ ವಾಚು, ಅತ್ತಿಯೋರ ಕೈ

ಮಾವನೋರು ಹೋಗಿ ಮೂರನೇ ದಿವ್ಸಕ್ಕ ಅವರ ಸ್ಟೀಲಿನ ಆಟೋಮ್ಯಾಟಿಕ್ ವಾಚು ತಿಜೋರಿಯೊಳಗ ನಿಂತ ಬಿಡ್ತು. "ಅವರ ಜೋಡಿ ಅದೂ ಹೋತು ನೋಡವಾ" ಅಂತ ಅತ್ತಿಯೋರು ಕಣ್ಣೀರು ಹಾಕಿದ್ರು.

ವಾಚು ಕೆಟ್ಟಿರಲಿಲ್ಲ. ಆಟೋಮ್ಯಾಟಿಕ್ ವಾಚಿಗೆ ಸೆಲ್ ಇರೂದಿಲ್ಲ, ದಿನಾ ಕೀಲಿ ಕೊಡೂದೂ ಬ್ಯಾಡ. ಒಳಗ ಅರ್ಧಚಂದ್ರನಂಥಾ ಲೋಹದ ತುಂಡು ಇರ್ತದ. ಕೈ ಆಡಿದಂಗ ಅದು ತಿರಗತದ, ಸ್ಪ್ರಿಂಗ್ ಸುತ್ತಕೋತದ. ಬಿಚ್ಚಿಟ್ರ ಒಂದೆರಡು ದಿವ್ಸದಾಗ ನಿಲ್ಲತದ.

"ನೀವ ಕಟ್ಕೋರಿ" ಅಂದೆ. "ಗಂಡಸರ ವಾಚು! ಮಂದಿ ಏನಂದಾರು?" ಅಂದ್ರು. ಅವಾಗ ಅವರಿಗೆ ಹೇಳಿದ ಕಥಿ ನಿಮಗೂ ಹೇಳತೇನಿ.

ಕೈಗೆ ಗಡಿಯಾರ ಕಟ್ಟಿದವರೊಳಗ ಹೆಣ್ಣಮಕ್ಕಳ ಮುಂದ. 1810ರಾಗ ನೆಪೋಲಿಯನ್ನನ ತಂಗಿ, ನೇಪಲ್ಸಿನ ರಾಣಿ ಕ್ಯಾರೋಲಿನ್ ಮ್ಯೂರಾ, ಪ್ಯಾರಿಸಿನ ಬ್ರೆಗೆ ಅನ್ನೋ ಗಡಿಯಾರದವರಿಗೆ ಕೈಗಡಿಯಾರ ಮಾಡಲಿಕ್ಕೆ ಹೇಳಿದ್ಲು. 1812ಕ್ಕ ತಯಾರಾತು. ಅದರ ಪಟ್ಟಿ ಕೂದಲಿಗೆ ಬಂಗಾರದ ಎಳಿ ಕೂಡಿಸಿ ಹೆಣದದ್ದಂತ ನೋಡ್ರಿ! ಗಂಡಸರು ಮಾತ್ರ ಕಿಸೇದಾಗ ಸರಪಳಿ ಗಡಿಯಾರ ಇಟ್ಕೊಂಡು, ಕೈಗೆ ಕಟ್ಟೂದು ಹೆಂಗಸರ ಆಭರಣ ಅಂತಿದ್ರು. 1914ರ ಮಹಾಯುದ್ಧದಾಗ ಬಂದೂಕು ಹಿಡದ ಕೈಲೆ ಕಿಸೆ ತಡಕಾಡೂದು ಆಗಲಿಲ್ಲ, ಅವರೂ ಕೈಗೆ ಕಟ್ಟಿದ್ರು.

ಯುದ್ಧ ಮುಗದ ಮ್ಯಾಲೆ ಜಾನ್ ಹಾರ್ವುಡ್ ಅನ್ನೋ ಇಂಗ್ಲಿಷ್ ರಿಪೇರಿಯವ, ಕೀಲಿ ಕೊಡೋ ಕಡೆಯಿಂದ ಧೂಳು, ನೀರು ಹೊಕ್ಕು ವಾಚು ಕೆಡೂದು ನೋಡಿ, ತನ್ನಿಂದ ತಾನ ಸುತ್ತಕೊಳ್ಳೋ ಕೈಗಡಿಯಾರ ಮಾಡಿ 1924ರಾಗ ಪೇಟೆಂಟ್ ತಗೊಂಡ. 1931ರಾಗ ರೋಲೆಕ್ಸ್‌ದವರು ಪೂರ್ತಿ ಸುತ್ತ ತಿರಗೋ ಅರ್ಧಚಂದ್ರ ತಂದ್ರು.

ಇನ್ನ ಸ್ಟೀಲಿನ ಮಾತು. 1972ರಾಗ ಸ್ವಿಟ್ಜರ್‌ಲ್ಯಾಂಡಿನ ಓಡೆಮಾರ್ ಪಿಗೆ ಕಂಪನಿ 'ರಾಯಲ್ ಓಕ್' ಅನ್ನೋ ಸ್ಟೀಲಿನ ಆಟೋಮ್ಯಾಟಿಕ್ ವಾಚು ತಂತು. ನಕ್ಷೆ ಜೆರಾಲ್ಡ್ ಜೆಂಟಾನದು. ಮಾರಿಗೆ ಎಂಟು ಮೂಲಿ, ಎಂಟು ಸ್ಕ್ರೂ. ಬೆಲಿ 3,300 ಸ್ವಿಸ್ ಫ್ರಾಂಕ್, ಎಷ್ಟೋ ಬಂಗಾರದ ವಾಚಿಗಿಂತ ತುಟ್ಟಿ! ಸ್ಟೀಲು ಬಂಗಾರಕ್ಕಿಂತ ಗಟ್ಟಿ, ಅದನ್ನ ಅಷ್ಟು ಸಣ್ಣಾಗಿ ಕೊರದು ಹೊಳಸೂದು ಕಷ್ಟದ ಕೆಲಸ. ನಾವು ದಿನಾ ತಿಕ್ಕೋ ತಾಟಿನ ಜಾತಿ ಲೋಹಕ್ಕ ಆ ಮರ್ಯಾದಿ ಬಂತು.

ನಮ್ಮ ಮಾವನೋರದು ಬೆಂಗಳೂರಿನ ಎಚ್‌ಎಂಟಿ, ಅಂಥಾ ತುಟ್ಟೀದಲ್ಲ. ಆದ್ರ ಒಳಗ ತಿರಗೋ ಅರ್ಧಚಂದ್ರ ಅದ.

ಕಥಿ ಕೇಳಿ ಅತ್ತಿಯೋರು ಮಾತಾಡಲಿಲ್ಲ, ಸುಮ್ನ ಕೈ ಮುಂದ ಮಾಡಿದ್ರು. ಪಟ್ಟೀದು ಎರಡು ಕೊಂಡಿ ತಗಸಿ ಕಟ್ಟಿದೆ. ಈಗ ಬೆಳಗಾದ್ರ ಆ ಕೈಲೇನ ರೊಟ್ಟಿ ಬಡೀತಾರ. ಅವತ್ತಿಂದ ವಾಚು ಒಂದ ದಿವ್ಸನೂ ನಿಂತಿಲ್ಲ.