ಹೊರರಾಜ್ಯದವರಿಗೆ ಮೆರಿಟ್ ಸ್ಕಾಲರ್‌ಶಿಪ್: ಬಹುಮಾನ ಅಂದುಕೊಂಡಿದ್ದು ರಿಯಾಯಿತಿ

ಅಮೆರಿಕದಲ್ಲಿರುವ ನಮ್ಮ ಮನೆಗೆ ಕಳೆದ ವರ್ಷ ಒಂದು ಪತ್ರ ಬಂತು. ಬೇರೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದು ಮಗಳಿಗೆ ವರ್ಷಕ್ಕೆ 20,000 ಡಾಲರ್ ಮೆರಿಟ್ ಸ್ಕಾಲರ್‌ಶಿಪ್ ಕೊಡುವುದಾಗಿ ಬರೆದಿತ್ತು. ಹಾಸನದಲ್ಲಿ ಅಮ್ಮ ಅಕ್ಕಪಕ್ಕದವರಿಗೆಲ್ಲ ಸಿಹಿ ಹಂಚಿದರು. ಆಮೇಲೆ ನಾನು ಕೂತು ಲೆಕ್ಕ ಹಾಕಿದೆ. ಬೋಧನಾ ಶುಲ್ಕ 34,000. ಸ್ಕಾಲರ್‌ಶಿಪ್ ಕಳೆದರೆ 14,000. ಆ ರಾಜ್ಯದ ಮಕ್ಕಳು ಯಾವ ಸ್ಕಾಲರ್‌ಶಿಪ್ಪೂ ಇಲ್ಲದೆ ಕಟ್ಟೋದು 12,000!

ಅಮೆರಿಕದ ಸರ್ಕಾರಿ ವಿವಿಗಳಲ್ಲಿ ಒಂದೇ ಬೆಂಚಿಗೆ ಎರಡು ದರ. ನಮ್ಮಲ್ಲಿ ಸಿಇಟಿ ಸೀಟು, ಮ್ಯಾನೇಜ್‌ಮೆಂಟ್ ಸೀಟು ಇದ್ದ ಹಾಗೆ. ರಾಜ್ಯದ ತೆರಿಗೆದಾರರ ಮಕ್ಕಳಿಗೆ ಕಡಿಮೆ, ಹೊರಗಿನವರಿಗೆ ಎರಡು ಮೂರು ಪಟ್ಟು. 2008ರ ಆರ್ಥಿಕ ಕುಸಿತದ ನಂತರ ಬಹಳಷ್ಟು ರಾಜ್ಯ ಸರ್ಕಾರಗಳು ವಿವಿಗಳಿಗೆ ಕೊಡುವ ಹಣ ಕಡಿತ ಮಾಡಿದವು. ಆ ತೂತು ಮುಚ್ಚಲು ಹೊರರಾಜ್ಯದವರು ಬೇಕಾದರು. ಆದರೆ ಪೂರ್ತಿ ದರಕ್ಕೆ ಅವರು ಬರಲ್ಲ. ಹಾಗಾಗಿ ದೊಡ್ಡ ಬೆಲೆ ಬರೆದು, ಅದರ ಮೇಲೆ ಮೆರಿಟ್ ಹೆಸರಿನ ಡಿಸ್ಕೌಂಟ್. ಚಿಕ್ಕಪೇಟೆಯ ಸೀರೆ ಅಂಗಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇದನ್ನು ಬಹಿರಂಗವಾಗಿ ಮಾಡುವುದಕ್ಕೆ ಹೆಸರಾದದ್ದು ಅಲಬಾಮಾ ವಿವಿ. ಹೈಸ್ಕೂಲಿನ ಜಿಪಿಎ ಇಷ್ಟು, ಎಸಿಟಿ ಅಥವಾ ಎಸ್‌ಎಟಿ ಅಂಕ ಇಷ್ಟಿದ್ದರೆ ಇಷ್ಟು ಡಾಲರ್ ಅಂತ ಕೋಷ್ಟಕವನ್ನೇ ಪ್ರಕಟಿಸ್ತಾರೆ. ಇವತ್ತು ಅಲ್ಲಿ ಓದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರರಾಜ್ಯದವರು. ಇದಕ್ಕೆ ವಿರುದ್ಧ ತುದಿಯಲ್ಲಿ ನಾರ್ತ್ ಕ್ಯಾರೊಲಿನಾ ಇದೆ; ಚಾಪೆಲ್ ಹಿಲ್‌ನಲ್ಲಿ ಹೊಸದಾಗಿ ಸೇರುವ ಹೊರಗಿನವರಿಗೆ ಬಹುಕಾಲ 18 ಶೇಕಡಾ ಮಿತಿ ಇತ್ತು. ಪಶ್ಚಿಮದ ರಾಜ್ಯಗಳದ್ದು ಇನ್ನೊಂದು ದಾರಿ: ವೆಸ್ಟರ್ನ್ ಅಂಡರ್‌ಗ್ರ್ಯಾಜುಯೇಟ್ ಎಕ್ಸ್‌ಚೇಂಜ್ ಒಪ್ಪಂದದಲ್ಲಿ ಒಬ್ಬರ ಮಕ್ಕಳಿಗೆ ಇನ್ನೊಬ್ಬರು ಸ್ಥಳೀಯ ದರದ ಒಂದೂವರೆ ಪಟ್ಟು ಮೀರದಂತೆ ಶುಲ್ಕ ಹಾಕ್ತಾರೆ. ಬರ್ಕ್ಲಿಯಂಥ ದೊಡ್ಡ ಹೆಸರುಗಳು ಅದರಲ್ಲಿಲ್ಲ.

ಕರ್ನಾಟಕದಿಂದ ಎಂ.ಎಸ್.ಗೆ ಹೊರಟವರು ಗಮನಿಸಬೇಕಾದ್ದು ಟೆಕ್ಸಾಸ್. ಅಲ್ಲಿನ ಕಾನೂನಿನ ಪ್ರಕಾರ, ಟೆಕ್ಸಾಸಿನವರ ಜೊತೆಗೇ ಪೈಪೋಟಿ ಮಾಡಿ ಕನಿಷ್ಠ 1,000 ಡಾಲರಿನ ಸ್ಕಾಲರ್‌ಶಿಪ್ ಗೆದ್ದ ಹೊರಗಿನ ವಿದ್ಯಾರ್ಥಿಗೆ, ವಿದೇಶಿಯರೂ ಸೇರಿ, ಸ್ಥಳೀಯ ದರವನ್ನೇ ಅನ್ವಯಿಸಬಹುದು. ಹಾಗೆ ಪಡೆಯುವವರ ಸಂಖ್ಯೆ ವಿವಿಯ ಒಟ್ಟು ವಿದ್ಯಾರ್ಥಿಗಳ 5 ಶೇಕಡಾ ಮೀರುವಂತಿಲ್ಲ. ಅಂದರೆ 1,000 ಡಾಲರ್ ಮುಖ್ಯವಲ್ಲ, ಅದು ತೆರೆಯುವ ಬಾಗಿಲು ಮುಖ್ಯ. ಎಷ್ಟೋ ಹುಡುಗರು ಚಿಕ್ಕ ಮೊತ್ತ ಅಂತ ಅರ್ಜಿಯನ್ನೇ ಹಾಕಲ್ಲ.

ಇದರಲ್ಲಿ ಕಳಕೊಳ್ಳುವವರೂ ಇದ್ದಾರೆ. ಓಜಾನ್ ಜಾಕೆಟ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳೋದು ಇಷ್ಟು: ಸಂಶೋಧನಾ ವಿವಿಗಳಲ್ಲಿ ಹೊರರಾಜ್ಯದವರು ಹೆಚ್ಚಿದಂತೆ ಬಡ ಕುಟುಂಬದವರ, ಕಪ್ಪು ಮತ್ತು ಲ್ಯಾಟಿನೊ ವಿದ್ಯಾರ್ಥಿಗಳ ಪಾಲು ಇಳಿಯುತ್ತದೆ. ಒಳ್ಳೆ ಶಾಲೆ, ಟ್ಯೂಷನ್ ಸಿಕ್ಕ ನಮ್ಮಂಥವರ ಮಕ್ಕಳಿಗೆ ಮೆರಿಟ್ ಸುಲಭ. ಇದನ್ನು ಒಪ್ಪಿಕೊಂಡೇ ಮುಂದೆ ಬರೀತಿದ್ದೀನಿ.

ಹಾಗಾದರೆ ಬೇಡ ಅನ್ನಬಹುದಿತ್ತಲ್ಲ? ನಮ್ಮದು ಇನ್ನೊಂದು ಸಮಸ್ಯೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತ ಎಚ್-1ಬಿ ಕುಟುಂಬ ನಮ್ಮದು, ಮಗಳದ್ದು ಎಚ್-4 ವೀಸಾ. ಫೆಡರಲ್ ಸರ್ಕಾರದ ಪೆಲ್ ಗ್ರ್ಯಾಂಟ್, ಸಾಲ ಯಾವುದೂ ಇಂಥ ಮಕ್ಕಳಿಗಿಲ್ಲ. ಈಗ ನಮ್ಮ ರಾಜ್ಯದಲ್ಲಿ ಸ್ಥಳೀಯ ದರ ಸಿಕ್ಕರೂ, 21 ತುಂಬಿದ ದಿನ ಎಚ್-4 ಮುಗಿಯುತ್ತೆ. ಎಫ್-1ಗೆ ಬದಲಾದರೆ ಬಹಳ ಕಡೆ ಸ್ಥಳೀಯ ದರವೂ ಹೋಗುತ್ತೆ, ಅದೂ ಮೂರನೇ ವರ್ಷದಲ್ಲಿ, ಅರ್ಧ ದಾರಿಯಲ್ಲಿ. ಹೊರರಾಜ್ಯದವಳಾಗೇ ಸೇರಿದರೆ ಕಳಕೊಳ್ಳೋಕೆ ಆ ದರವೇ ಇಲ್ಲ.

ಆದ್ದರಿಂದ ಒಪ್ಪುವ ಮೊದಲು ಆ ವಿವಿಗೆ ಮೂರು ಪ್ರಶ್ನೆ ಬರೆದೆವು. ನಾಲ್ಕೂ ವರ್ಷ ಈ ಮೊತ್ತ ಖಾತ್ರಿಯೇ? ಜಿಪಿಎ ಎಷ್ಟಕ್ಕೆ ಇಳಿದರೆ ನಿಲ್ಲುತ್ತೆ? ವೀಸಾ ಬದಲಾದರೆ ಮುಂದುವರಿಯುತ್ತಾ? ಶುಲ್ಕ ಏರಿದರೆ ಸ್ಕಾಲರ್‌ಶಿಪ್ ಏರುತ್ತಾ ಅಂತ ಕೇಳೋದು ಮರೆತೆವು; ಏರಲ್ಲ ಅಂತ ಆಮೇಲೆ ತಿಳೀತು. ವೀಸಾದ ಬಗ್ಗೆ ಫೋನಿನಲ್ಲಿ ಇಬ್ಬರು ಎರಡು ಥರ ಹೇಳಿದರು. ಬರಹದಲ್ಲಿ ಕೊಡಿ ಅಂತ ಹಟ ಹಿಡಿದ ಮೇಲೆ, ಮೂರು ವಾರಕ್ಕೆ ಇಮೇಲ್ ಬಂತು: ಮುಂದುವರಿಯುತ್ತೆ, ಜಿಪಿಎ 3.0 ಇದ್ದರೆ. ಅದನ್ನು ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಇಡುವ ಫೈಲಿನಲ್ಲೇ ಇಟ್ಟಿದ್ದೀವಿ. ಮಗಳು ಆಗಸ್ಟ್‌ನಲ್ಲಿ ಅಲ್ಲಿಗೇ ಹೊರಟಳು.