ಸಿಂಹಾಸನ ಯಾರದು, ಹೆಣ ಯಾರದು?

ನಮ್ಮ ಚರಿತ್ರೆ ಪುಸ್ತಕಗಳಲ್ಲಿ ದೊರೆಗಳ ವಂಶಾವಳಿ ಇರುತ್ತೆ, ಅವರಿಗಾಗಿ ಸತ್ತವರ ಲೆಕ್ಕ ಇರೋದಿಲ್ಲ. ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಮ್ಮನ್ನು ಆಳಿದ ಬ್ರಿಟಿಷರ ಮನೆ ಕಥೆಯೂ ಇದೇ.

1688ರಲ್ಲಿ ಇಂಗ್ಲೆಂಡಿನ ಭೂಮಾಲೀಕರು, ಪಾದ್ರಿಗಳು ಒಂದಾಗಿ ಸ್ಟುವರ್ಟ್ ವಂಶದ ಎರಡನೇ ಜೇಮ್ಸನನ್ನು ಪಟ್ಟದಿಂದ ಇಳಿಸಿದರು. ರಾಜನ ಅಧಿಕಾರ ದೇವರೇ ಕೊಟ್ಟದ್ದು ಅನ್ನೋದು ಆ ವಂಶದ ವಾದ. ದೇವರ ಹೆಸರಿನಲ್ಲಿ ಮೇಲುಕೀಳು ಹೇರಿಸಿಕೊಂಡ ನಮಗೆ ಈ ವಾದ ಹೊಸದಲ್ಲ. ಜೇಮ್ಸ್ ಫ್ರಾನ್ಸಿಗೆ ಓಡಿದ. ಆ ವಂಶವನ್ನು ಮತ್ತೆ ಪಟ್ಟಕ್ಕೇರಿಸುವ ಸಂಚುಗಳು ಎಪ್ಪತ್ತು ವರ್ಷ ನಡೆದವು.

1744ರಲ್ಲಿ ಫ್ರಾನ್ಸಿನ ದೊರೆ ಹದಿನೈದನೇ ಲೂಯಿ ಡನ್‌ಕರ್ಕ್ ಬಂದರಿನಲ್ಲಿ ಸುಮಾರು 10,000 ಸೈನಿಕರನ್ನು ಕೂಡಿಸಿದ. ಜೇಮ್ಸನ ಮೊಮ್ಮಗ ಚಾರ್ಲ್ಸ್ ಎಡ್ವರ್ಡ್ ರೋಮಿನಿಂದ ಗುಟ್ಟಾಗಿ ಬಂದ. ಲೂಯಿಗೆ ಸ್ಟುವರ್ಟರ ಮೇಲೆ ಮರುಕವೇ? ಯುರೋಪಿನ ಯುದ್ಧದಲ್ಲಿ ಎದುರು ನಿಂತಿದ್ದ ಬ್ರಿಟನ್ನಿನ ಕೈ ಕಟ್ಟಬೇಕಿತ್ತು, ಅಷ್ಟೆ. ಬಿರುಗಾಳಿ ಎದ್ದಿತು. ಹಡಗುಗಳು ಒಡೆದು ಸೈನಿಕರು ಮುಳುಗಿದರು. ಲೂಯಿ ದಾಳಿ ಕೈಬಿಟ್ಟ.

ಮರುವರ್ಷ ಚಾರ್ಲ್ಸ್ ಬೆರಳೆಣಿಕೆಯ ಜೊತೆಗಾರರೊಂದಿಗೆ ಸ್ಕಾಟ್ಲೆಂಡಿನಲ್ಲಿ ಇಳಿದ. ಗುಡ್ಡಗಾಡಿನ ಕೆಲವು ಕುಲನಾಯಕರು ಅವನ ಕಡೆ ಸೇರಿದರು. ಅವರ ಒಕ್ಕಲುಗಳಲ್ಲಿ ಕೆಲವರು ಮನಸಾರೆ ಹೋದರು. ಇನ್ನು ಕೆಲವರಿಗೆ, ಬರದಿದ್ರೆ ಮನೆ ಸುಡ್ತೀವಿ ಅನ್ನೋ ಬೆದರಿಕೆ. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಗೆದ್ದವರು ಗಾಯಾಳುಗಳನ್ನೂ ಬಿಡದೆ ಕೊಂದರು, ಮನೆಗಳನ್ನು ಸುಟ್ಟರು, ದನಕರು ಹೊಡೆದುಕೊಂಡು ಹೋದರು. ಗುಡ್ಡಗಾಡಿನವರ ಉಡುಪನ್ನೇ ಕಾನೂನು ಮಾಡಿ ನಿಷೇಧಿಸಿದರು. ಚಾರ್ಲ್ಸ್ ಮಾತ್ರ ಹಡಗು ಹತ್ತಿ ಫ್ರಾನ್ಸ್ ಸೇರಿಕೊಂಡ. 1759ರಲ್ಲಿ ಫ್ರಾನ್ಸ್ ಮತ್ತೆ ದಾಳಿಗೆ ಸಜ್ಜಾಯಿತು. ಕಿಬೆರಾನ್ ಕೊಲ್ಲಿಯಲ್ಲಿ ಅದರ ನೌಕಾಪಡೆ ಸೋತು ಆ ಯೋಜನೆಯೂ ಮುಳುಗಿತು. 1788ರಲ್ಲಿ ಚಾರ್ಲ್ಸ್ ರೋಮಿನಲ್ಲಿ ಸತ್ತ.

ಈ ಕಥೆಯ ಒಂದು ಎಳೆ ನಮ್ಮ ಶ್ರೀರಂಗಪಟ್ಟಣದವರೆಗೂ ಬಂದಿದೆ. ಚಾರ್ಲ್ಸನ ಪರ ದಂಗೆ ಎದ್ದು ಸೆರೆಯಾಗಿದ್ದ ಲಾರ್ಡ್ ಮ್ಯಾಕ್ಲೌಡ್ ಕ್ಷಮೆ ಪಡೆದು, 1777ರಲ್ಲಿ ಬ್ರಿಟಿಷ್ ದೊರೆಗೇ ಗುಡ್ಡಗಾಡಿನವರ ಪಡೆ ಕಟ್ಟಿಕೊಟ್ಟ. ಅದು 1780ರಲ್ಲಿ ಮದ್ರಾಸಿಗೆ ಬಂದಿಳಿದು ಹೈದರಾಲಿಯ ಎದುರು ನಿಂತಿತು. ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದ ಅದರ ಕೆಲವರು ಶ್ರೀರಂಗಪಟ್ಟಣದಲ್ಲಿ ಬಂದಿಗಳಾದರು. ತುಳಿತಕ್ಕೆ ಸಿಕ್ಕಿದವರ ಮಕ್ಕಳನ್ನೇ ಬಾಡಿಗೆ ಹಿಡಿದು ಇನ್ನೊಂದು ನಾಡನ್ನು ತುಳಿಸುವುದು ಸಾಮ್ರಾಜ್ಯಶಾಹಿಯ ಹಳೇ ವರಸೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಅದೇ ಬ್ರಿಟಿಷರು ಇಲ್ಲೊಂದು ವಂಶವನ್ನು ಮರಳಿ ಪಟ್ಟಕ್ಕೇರಿಸಿದರು. ಐದು ತುಂಬದ ಮುಮ್ಮಡಿ ಕೃಷ್ಣರಾಜರು ದೊರೆಯಾದರು. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕಾಯಿತು. ಆ ವರಹ ಅರಮನೆಯ ಹಿತ್ತಲಲ್ಲಿ ಬೆಳೆದದ್ದಲ್ಲ. ಕಂದಾಯದ ಹಿಂಸೆ ತಾಳಲಾರದೆ 1830ರಲ್ಲಿ ನಗರದ ರೈತರು ಬಂಡೆದ್ದರು.

ಮೇಷ್ಟ್ರುಗಳೇ, ಪಟ್ಟ ಕಟ್ಟಿದ ಇಸವಿಯನ್ನು ಮಕ್ಕಳಿಗೆ ಹೇಳಿಕೊಡಿ. ಕಂದಾಯ ಕಟ್ಟಿದವರು ಯಾರು ಅಂತಲೂ ಅದೇ ಪಾಠದಲ್ಲಿ ಕೇಳಿ.